ಚಿಂಚೋಳಿಯಿಂದ ವಿಧಾನಸೌಧಕ್ಕೆ: ವೀರೇಂದ್ರ ಪಾಟೀಲರು

ನಮ್ಮ ಭಾಗದ ಹೆಸರು ಹೇಳಿದರೆ ಹೊರಗಿನವರಿಗೆ ಶಹಾಬಾದಿನ ಕಲ್ಲು, ವಾಡಿಯ ಜಂಕ್ಷನ್, ಸೇಡಂ-ಚಿತ್ತಾಪುರದ ತೊಗರಿ ಮತ್ತು ಸಿಮೆಂಟ್ ನೆನಪಾಗುತ್ತವೆ. ಇದೇ ನೆಲ ಕರ್ನಾಟಕಕ್ಕೆ ಎರಡು ಸಲ ಮುಖ್ಯಮಂತ್ರಿಯಾದ ಒಬ್ಬ ನಾಯಕರನ್ನೂ ಕೊಟ್ಟಿದೆ ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ವೀರೇಂದ್ರ ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು, ಚಿಂಚೋಳಿಯಲ್ಲಿ. ಆಗ ಇದು ನಿಜಾಮರ ಸೀಮೆ. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಉರ್ದುವಿನದೇ ಮೇಲುಗೈ. ಮನೆಮಾತು ಕನ್ನಡದ ಆ ಹುಡುಗ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ., ಎಲ್‌ಎಲ್‌.ಬಿ. ಮುಗಿಸಿ ವಕೀಲರಾದರು. ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಹೇಗೋ ಎಂದು ಅಂಜುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

1952ರ ಮೊದಲ ಚುನಾವಣೆಯಲ್ಲಿಯೇ ಅವರು ಹೈದರಾಬಾದ್ ವಿಧಾನಸಭೆಗೆ ಆರಿಸಿಬಂದರು. 1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರ ಕಾರ್ಯಕ್ಷೇತ್ರ ಬೆಂಗಳೂರಾಯಿತು. ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಲೋಕೋಪಯೋಗಿ ಸಚಿವರಾಗಿ ಹೆಸರು ಮಾಡಿದರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ ಲವ-ಕುಶರೆಂದು ಜನ ಕರೆಯುತ್ತಿದ್ದರು. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದಾಗ, 1968ರ ಮೇ 29ರಂದು ಪಾಟೀಲರು ಮುಖ್ಯಮಂತ್ರಿಯಾದರು. ವಯಸ್ಸು 44. ಹಳೆಯ ಹೈದರಾಬಾದ್ ಸೀಮೆಯಿಂದ ಆ ಕುರ್ಚಿಗೆ ಏರಿದವರಲ್ಲಿ ಅವರೇ ಮೊದಲಿಗರು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಗೆಲ್ಲುವ ಕಡೆ ಯಾವುದೆಂಬುದು ಬೇಗನೆ ಗೊತ್ತಾಗತೊಡಗಿದರೂ ಪಾಟೀಲರು ನಿಜಲಿಂಗಪ್ಪನವರ ಪಕ್ಕದಲ್ಲಿಯೇ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷದ ಪಾಲಾದವು. ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಸರಿದರು, ಸರ್ಕಾರ ಬಿತ್ತು.

1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಜನತಾ ಪಕ್ಷದಿಂದ ಇಂದಿರಾ ಗಾಂಧಿಯವರ ಎದುರು ನಿಂತವರು ಇವರೇ. 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮುಂದೆ ಅದೇ ಇಂದಿರಾ ಅವರ ಪಕ್ಷ ಸೇರಿ, 1980ರಲ್ಲಿ ಬಾಗಲಕೋಟೆಯಿಂದ ಗೆದ್ದು, ಅವರ ಸಂಪುಟದಲ್ಲಿಯೇ ಪೆಟ್ರೋಲಿಯಂ ಸಚಿವರಾದರು. ಇದನ್ನು ಕೆಲವರು ಟೀಕಿಸಿದ್ದುಂಟು. 1984ರಲ್ಲಿ ಗುಲಬರ್ಗಾದ ಸಂಸದರಾದರು.

1989ರಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿ ಪಕ್ಷವನ್ನು ಮುನ್ನಡೆಸಿದರು. 224 ಸ್ಥಾನಗಳಲ್ಲಿ 178 ದೊರೆತವು. ಹದಿನೆಂಟು ವರ್ಷಗಳ ನಂತರ ಮತ್ತೆ ಮುಖ್ಯಮಂತ್ರಿ! ಆದರೆ ವರ್ಷ ತುಂಬುವ ಮೊದಲೇ ಆರೋಗ್ಯ ಕೆಟ್ಟಿತು. 1990ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಕೋಮುಗಲಭೆಗಳು ನಡೆದಿದ್ದವು. ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಬಂದಿದ್ದ ರಾಜೀವ್ ಗಾಂಧಿಯವರು ಹಿಂದಿರುಗುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿಬಿಟ್ಟರು. ಬದಲಾವಣೆ ಬೇಕಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಅದು ನಡೆದ ರೀತಿ ಜನರ ಮನಸ್ಸಿಗೆ ನಾಟಿತು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿದದ್ದಕ್ಕೆ ಆ ನೋವೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ.

1997ರ ಮಾರ್ಚ್ 14ರಂದು ಪಾಟೀಲರು ತೀರಿಕೊಂಡರು. ಎರಡು ಸಲವೂ ಅವಧಿ ಪೂರ್ಣವಾಗಲಿಲ್ಲ. ಆದರೂ ಬೆಂಗಳೂರಿಗೆ ದೂರವಾದ ಈ ಮೂಲೆಯ ಒಬ್ಬ ಹುಡುಗ ರಾಜ್ಯವನ್ನೇ ನಡೆಸಬಲ್ಲ ಎಂದು ಅವರು ತೋರಿಸಿಕೊಟ್ಟರು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳು ನೆನಪಿಟ್ಟುಕೊಳ್ಳಬೇಕಾದದ್ದು ಅದನ್ನೇ.