ಇಟ್ಟಿಗೆ ಸುಟ್ಟ ಉಪಾಧ್ಯಾಯ: ಬೂಕರ್ ಟಿ. ವಾಷಿಂಗ್‌ಟನ್

ಬಿ.ಎ. ಮುಗಿಸಿ ಮುಂದೇನು ಮಾಡುವೆ ಎಂಬ ಪ್ರಶ್ನೆ ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಯನ್ನೂ ಬಿಟ್ಟದ್ದಲ್ಲ. ನನ್ನನ್ನಂತೂ ಅದು ಊರಿಗೆ ಹೋಗಿ ಬಸ್ಸಿನಿಂದ ಇಳಿಯುವಾಗಲೇ ಎದುರುಗೊಳ್ಳುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ಇಟ್ಟಿಗೆ ಕೊಯ್ಯುವವರು. ರಜೆಯಲ್ಲಿ ನಾನೂ ಮಣ್ಣು ತುಳಿದು ಅಚ್ಚು ಹಿಡಿದಿದ್ದೇನೆ. ಆದರೂ ಇಷ್ಟು ದಿನಗಳಲ್ಲಿ ಈ ಮಾತನ್ನು ಸಹಪಾಠಿಗಳ ಎದುರು ಒಮ್ಮೆಯೂ ಆಡಿದವನಲ್ಲ. ಇಂದು ಧೈರ್ಯವಾಗಿ ಬರೆಯುತ್ತಿದ್ದರೆ ಅದಕ್ಕೆ ಕಾರಣ, ನಮ್ಮ ಪುಸ್ತಕ ಭಂಡಾರದಲ್ಲಿ ಅಕಸ್ಮಾತ್ತಾಗಿ ಕೈಗೆ ಸಿಕ್ಕಿದ ಒಂದು ಜೀವನ ಚರಿತ್ರೆ. ಅದು ಅಮೆರಿಕದ ಕಪ್ಪು ಜನಾಂಗದ ಶಿಕ್ಷಣವೇತ್ತ ಬೂಕರ್ ಟಿ. ವಾಷಿಂಗ್‌ಟನ್ನನದು.

ಬೂಕರನು 1856ರಲ್ಲಿ ವರ್ಜೀನಿಯ ಸಂಸ್ಥಾನದ ಒಂದು ತೋಟದಲ್ಲಿ ಗುಲಾಮನಾಗಿಯೇ ಹುಟ್ಟಿದನು. ತಾಯಿ ಜೇನ್ ಆ ತೋಟದ ಅಡಿಗೆಯವಳು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾದಾಗ ಆತನಿಗೆ ಒಂಬತ್ತು ವರ್ಷ. ಕುಟುಂಬವು ಪಶ್ಚಿಮ ವರ್ಜೀನಿಯದ ಮಾಲ್ಡನ್ ಎಂಬ ಊರಿಗೆ ಹೋಗಿ ನೆಲಸಿತು. ಅಲ್ಲಿ ಮಲತಂದೆಯೊಡನೆ ಉಪ್ಪು ಕಾಯಿಸುವ ಒಲೆಗಳ ಬಳಿ ಹುಡುಗನೂ ದುಡಿಯಬೇಕಾಯಿತು. ಮಲತಂದೆ ತುಂಬಿದ ಪೀಪಾಯಿಗಳ ಮೇಲೆ ಗುರುತಿಗಾಗಿ 18 ಎಂಬ ಅಂಕಿಯನ್ನು ಬರೆಯುತ್ತಿದ್ದರು. ಬೂಕರನು ಓದಲು ಕಲಿತ ಮೊದಲ ಗುರುತು ಅದೇ. ಕೆಲಸದ ಹೊತ್ತಿನ ಹಿಂದುಮುಂದೆ ಶಾಲೆಗೆ ಹೋಗಿ ಬರುತ್ತ ಆತನು ಅಕ್ಷರ ಕಲಿತನು. ಶಾಲೆಯಲ್ಲಿ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರಿದ್ದುದನ್ನು ಕಂಡು, ತನ್ನ ಹೆಸರಿನ ಮುಂದೆ ವಾಷಿಂಗ್‌ಟನ್ ಎಂದು ತಾನೇ ಸೇರಿಸಿಕೊಂಡನು.

ಮುಂದೆ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿರುವಾಗ, ಇಬ್ಬರು ಗಣಿಗಾರರು ಹ್ಯಾಂಪ್ಟನ್ ವಿದ್ಯಾಲಯದ ವಿಷಯ ಮಾತನಾಡುತ್ತಿದ್ದುದು ಆತನ ಕಿವಿಗೆ ಬಿದ್ದಿತು. ಬಡವರು ಅಲ್ಲಿ ದುಡಿದುಕೊಂಡೇ ಓದಬಹುದಂತೆ! 1872ರಲ್ಲಿ ಬೂಕರನು ಹೊರಟನು. ದಾರಿ ಸುಮಾರು 500 ಮೈಲಿ. ಸ್ವಲ್ಪ ದೂರ ಬಂಡಿಯಲ್ಲಿ, ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ ಸಾಗಿ ರಿಚ್ಮಂಡ್ ನಗರಕ್ಕೆ ಬರುವಷ್ಟರಲ್ಲಿ ಕೈ ಬರಿದಾಗಿತ್ತು. ರಾತ್ರಿ ಹಲಗೆ ಹಾಸಿದ ಕಾಲುದಾರಿಯ ಕೆಳಗೆ ಮಲಗಿ, ಹಗಲು ಹಡಗಿನ ಸರಕು ಇಳಿಸಿ, ದಾರಿಯ ಖರ್ಚನ್ನು ಸಂಪಾದಿಸಿಕೊಂಡನು. ಹ್ಯಾಂಪ್ಟನ್ನಿನಲ್ಲಿ ಆತನಿಗೆ ನಡೆದ ಪ್ರವೇಶ ಪರೀಕ್ಷೆ ಒಂದು ಕೊಠಡಿಯನ್ನು ಗುಡಿಸುವುದು. ಆತನು ಮೂರು ಸಲ ಗುಡಿಸಿ ನಾಲ್ಕು ಸಲ ಧೂಳೊರೆಸಿದನು. ಉಪಾಧ್ಯಾಯಿನಿ ಕರವಸ್ತ್ರದಿಂದ ಗೋಡೆ ಮೇಜುಗಳನ್ನು ಉಜ್ಜಿ ನೋಡಿದರೂ ಧೂಳಿನ ಕಣ ಕಾಣಲಿಲ್ಲ. ಪ್ರವೇಶ ದೊರೆಯಿತು, ಜೊತೆಗೆ ಜವಾನನ ಕೆಲಸವೂ ದೊರೆಯಿತು. 1875ರಲ್ಲಿ ಆತನು ಅಲ್ಲಿನ ವ್ಯಾಸಂಗ ಮುಗಿಸಿದನು.

1881ರಲ್ಲಿ ಆಲಬಾಮ ಸಂಸ್ಥಾನದ ಟಸ್ಕೀಗೀ ಎಂಬ ಸಣ್ಣ ಊರಿನಲ್ಲಿ ಕಪ್ಪು ಜನರಿಗಾಗಿ ಉಪಾಧ್ಯಾಯರ ತರಬೇತಿ ಶಾಲೆ ತೆರೆಯಲು ಆತನನ್ನು ಕರೆಸಿದರು. ಸರಕಾರವು ವರ್ಷಕ್ಕೆ 2,000 ಡಾಲರು ಮಂಜೂರು ಮಾಡಿತ್ತು, ಅದೂ ಉಪಾಧ್ಯಾಯರ ಸಂಬಳಕ್ಕೆ ಮಾತ್ರ. ನೆಲವಿಲ್ಲ, ಕಟ್ಟಡವಿಲ್ಲ. ಜುಲೈ 4ರಂದು ಒಂದು ಮುರುಕು ಗುಡಿಸಲಿನಲ್ಲಿ 30 ಮಂದಿ ವಿದ್ಯಾರ್ಥಿಗಳೊಡನೆ ಪಾಠ ಆರಂಭವಾಯಿತು. ಮಳೆ ಬಂದಾಗ ಒಬ್ಬ ವಿದ್ಯಾರ್ಥಿ ಎದ್ದು ಬಂದು ಗುರುವಿನ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದನು. ಹೆಸರು ತರಬೇತಿ ಶಾಲೆಯೆಂದಾದರೂ ಆಗಿನ ಪಾಠದ ಮಟ್ಟ ನಮ್ಮ ಹೈಸ್ಕೂಲಿನ ಮಟ್ಟವನ್ನು ಮೀರಿದ್ದಲ್ಲ.

ಊರೂರು ಸುತ್ತಿ ಜನರ ಸ್ಥಿತಿಯನ್ನು ನೋಡಿದ ಬೂಕರನಿಗೆ ಒಂದು ದೃಶ್ಯ ಮರೆಯದಂತಾಯಿತು. ಒಂದೇ ಕೋಣೆಯ ಗುಡಿಸಲು. ಸುತ್ತಲೂ ಕಳೆ ಬೆಳೆದ ಹಿತ್ತಲು. ಒಳಗೆ ಜಿಡ್ಡು ಬಟ್ಟೆಯ ತರುಣನೊಬ್ಬ ಫ್ರೆಂಚ್ ವ್ಯಾಕರಣ ಓದುತ್ತ ಕುಳಿತಿದ್ದನು. ಓದು ತಪ್ಪಲ್ಲ, ಆದರೆ ಆ ಓದಿಗೂ ಆ ಹಿತ್ತಲಿಗೂ ಯಾವ ಸಂಬಂಧವೂ ಇರಲಿಲ್ಲ. ತನ್ನ ಶಾಲೆಯಲ್ಲಿ ಪ್ರತಿಯೊಬ್ಬನೂ ಪುಸ್ತಕದೊಡನೆ ಒಂದು ಕಸುಬನ್ನೂ ಕಲಿಯಬೇಕೆಂದು ಬೂಕರನು ನಿಶ್ಚಯಿಸಿದನು. ವಿದ್ಯಾರ್ಥಿಗಳಿಗೆ ಇದು ರುಚಿಸಲಿಲ್ಲ. ಕೈಕೆಲಸ ತಪ್ಪಿಸಿಕೊಳ್ಳುವುದಕ್ಕಲ್ಲವೇ ಶಾಲೆಗೆ ಬಂದದ್ದು ಎಂಬುದು ಅವರ ಭಾವನೆ. ತಂದೆತಾಯಿಗಳೂ ಕಾಗದ ಬರೆದು ಆಕ್ಷೇಪಿಸಿದರು. ಬೂಕರನು ವಾದಿಸಲು ಹೋಗದೆ, ಸಾಲ ಮಾಡಿ ಕೊಂಡಿದ್ದ ಹಾಳು ತೋಟದ ಕಾಡನ್ನು ಕಡಿಯಲು ತಾನೇ ಕೊಡಲಿ ಹಿಡಿದು ಮುಂದೆ ನಡೆದನು. ಹುಡುಗರು ನಾಚಿ ಹಿಂಬಾಲಿಸಿದರು.

ಇನ್ನು ಇಟ್ಟಿಗೆಯ ಕಥೆ. ಶಾಲೆಗೆ ಕಟ್ಟಡ ಬೇಕಾಗಿತ್ತು, ಊರಿನಲ್ಲಿ ಇಟ್ಟಿಗೆ ಸುಡುವವರಿರಲಿಲ್ಲ. ಬೂಕರನಿಗಾಗಲಿ ಹುಡುಗರಿಗಾಗಲಿ ಆ ಕೆಲಸದ ಅನುಭವ ಸಾಲದು. ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಲಾರದೆ ಕೆಲವರು ಶಾಲೆಯನ್ನೇ ಬಿಟ್ಟು ಹೋದರು. ಸುಮಾರು 25,000 ಇಟ್ಟಿಗೆಗಳನ್ನು ಕೊಯ್ದು ಗೂಡೇರಿಸಿದರೆ ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದನ್ನು ಒಂದು ವಾರ ಸುಟ್ಟು, ಇನ್ನೇನು ಮುಗಿಯಿತು ಎನ್ನುವಾಗ ನಡುರಾತ್ರಿಯಲ್ಲಿ ಅದು ಕುಸಿದುಬಿದ್ದಿತು. ಕೈಯಲ್ಲಿ ಒಂದು ಡಾಲರೂ ಉಳಿದಿರಲಿಲ್ಲ. ಬೂಕರನು ಮಾಂಟ್‌ಗೊಮೆರಿ ನಗರಕ್ಕೆ ಹೋಗಿ ತನ್ನ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ಬಂದು ನಾಲ್ಕನೆಯ ಗೂಡು ಹಾಕಿಸಿದನು. ಆ ಗೂಡು ಬೆಂದಿತು. ಗಡುವು ಮೀರಿದ್ದರಿಂದ ಗಡಿಯಾರ ಮಾತ್ರ ಹಿಂದಿರುಗಲಿಲ್ಲ.

ಇಷ್ಟೇ ಆಗಿದ್ದರೆ ಇದು ಛಲದ ಕಥೆ ಮಾತ್ರ ಆಗುತ್ತಿತ್ತು. ಇದರ ಮುಂದಿನ ಭಾಗವೇ ನನಗೆ ಮುಖ್ಯವೆಂದು ತೋರುತ್ತದೆ. ಶಾಲೆಯ ಬಳಕೆಗೆ ಮಿಕ್ಕ ಇಟ್ಟಿಗೆಯನ್ನು ಹುಡುಗರು ಮಾರಿದರು. ಕಪ್ಪು ಜನರ ಶಾಲೆಯೆಂದರೆ ಮೂಗು ಮುರಿಯುತ್ತಿದ್ದ ಬಿಳಿಯರೂ ಕೊಳ್ಳಲು ಬಂದರು, ಏಕೆಂದರೆ ಇಟ್ಟಿಗೆ ಚೆನ್ನಾಗಿತ್ತು. ಕೊಂಡವರು ಪರಿಚಿತರಾದರು, ಓದು ಈ ಜನರನ್ನು ಕೆಡಿಸುತ್ತದೆ ಎನ್ನುತ್ತಿದ್ದವರ ಬಾಯಿ ಸ್ವಲ್ಪ ಮುಚ್ಚಿತು. ಮುಂದೆ ಗಾಡಿ ಕಟ್ಟುವುದು, ಮರಗೆಲಸ, ಮುದ್ರಣ ಮೊದಲಾದ ಕಸುಬುಗಳು ಬಂದವು. ನೆರೆಯವರಿಗೆ ಏನು ಬೇಕು, ಎಂಥದು ಬೇಕು ಎಂಬುದನ್ನು ಮೊದಲು ತಿಳಿದುಕೊಂಡು ಅನಂತರ ಅದನ್ನು ಮಾಡಲು ಕಲಿಯಬೇಕು ಎಂಬುದೇ ಅಲ್ಲಿನ ಕ್ರಮ. ಶುಲ್ಕ ಕೊಡಲಾಗದವರಿಗೆ 1884ರಲ್ಲಿ ರಾತ್ರಿಶಾಲೆ ತೆರೆದರು. ಅವರು ಹಗಲು ಹತ್ತು ಗಂಟೆ ಕಸುಬಿನಲ್ಲಿ ದುಡಿದು ರಾತ್ರಿ ಎರಡು ಗಂಟೆ ಓದುತ್ತಿದ್ದರು. ಗಳಿಸಿದ್ದರ ಬಹುಪಾಲು ಅವರ ಲೆಕ್ಕಕ್ಕೆ ಜಮೆಯಾಗಿ ಮುಂದಿನ ಹಗಲುಶಾಲೆಯ ವೆಚ್ಚಕ್ಕೆ ಒದಗುತ್ತಿತ್ತು. ಇಪ್ಪತ್ತು ವರ್ಷಗಳು ಕಳೆಯುವ ಹೊತ್ತಿಗೆ ವಿದ್ಯಾರ್ಥಿಗಳು ಒಂದೇ ಹಂಗಾಮಿನಲ್ಲಿ 12 ಲಕ್ಷ ಒಳ್ಳೆಯ ಇಟ್ಟಿಗೆಗಳನ್ನು ತಯಾರಿಸುವಂತಾಗಿದ್ದರು.

1896ರಲ್ಲಿ ಸಸ್ಯವಿಜ್ಞಾನಿ ಜಾರ್ಜ್ ವಾಷಿಂಗ್‌ಟನ್ ಕಾರ್ವರನು ಟಸ್ಕೀಗೀಗೆ ಬಂದು ಸೇರಿದನು. 1900ರಲ್ಲಿ ಬೂಕರನು ಬಾಸ್ಟನ್ ನಗರದಲ್ಲಿ ಕಪ್ಪು ವರ್ತಕರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದನು. 1906ರಿಂದ ಒಂದು ಗಾಡಿಯಲ್ಲಿ ಬೇಸಾಯದ ಸಲಕರಣೆಗಳನ್ನು ಹೇರಿ ಶಾಲೆಯನ್ನೇ ರೈತರ ಹೊಲಗಳಿಗೆ ಕಳುಹಿಸಿದರು. 1915ರ ನವೆಂಬರ್ 14ರಂದು ಬೂಕರನು ಟಸ್ಕೀಗೀಯಲ್ಲೇ ತೀರಿಕೊಂಡನು. ಗುಡಿಸಲಿನಲ್ಲಿ ಹುಟ್ಟಿದ ಶಾಲೆಯಲ್ಲಿ ಆಗ ಸುಮಾರು 1,500 ವಿದ್ಯಾರ್ಥಿಗಳಿದ್ದರು.

ಆತನ ದಾರಿಯನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನು ಮರೆಮಾಚಬಾರದು. 1895ರ ಅಟ್ಲಾಂಟ ಭಾಷಣದಲ್ಲಿ ಆತನು ಸಮಾನತೆಯ ಬೇಡಿಕೆಯನ್ನು ಹಿಂದಿಟ್ಟು ದುಡಿಮೆಯನ್ನು ಮುಂದಿಟ್ಟನು. ಮತದ ಹಕ್ಕೂ ಉನ್ನತ ಶಿಕ್ಷಣವೂ ಇಲ್ಲದ ಜನ ತಾವು ಗಳಿಸಿದ್ದನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು 1903ರಲ್ಲಿ ಡು ಬಾಯ್ಸ್ ಎಂಬ ವಿದ್ವಾಂಸನು ಖಂಡಿಸಿದನು. ಆ ಖಂಡನೆಯಲ್ಲಿ ಹುರುಳಿತ್ತು. 1901ರಲ್ಲಿ ಆಲಬಾಮದ ಹೊಸ ಸಂವಿಧಾನವು ಬಹುಮಟ್ಟಿಗೆ ಎಲ್ಲ ಕಪ್ಪು ಜನರ ಮತವನ್ನೂ ಕಿತ್ತುಕೊಂಡಿತ್ತು. ಒಳ್ಳೆಯ ಇಟ್ಟಿಗೆ ಅದನ್ನು ತಡೆಯಲಿಲ್ಲ. ಅದರ ವಿರುದ್ಧ ನಡೆದ ಮೊಕದ್ದಮೆಗಳಿಗೆ ಬೂಕರನು ಗುಟ್ಟಾಗಿ ಹಣ ಒದಗಿಸಿದ್ದನೆಂಬುದು ಆತನ ಮರಣಾನಂತರ ಬೆಳಕಿಗೆ ಬಂದಿತು. ಕಸುಬೊಂದೇ ಸಾಲದೆಂಬುದನ್ನು ಆತನೂ ಬಲ್ಲನು. ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುವ ನಮಗೆ ಇದರಿಂದ ಸಮಾಧಾನವಾಗಬಹುದು. ಆದರೆ ಕಸುಬನ್ನು ಕೀಳೆಂದು ಕಾಣಲು ಇದು ನೆಪವಾಗಬಾರದು.

ಕಳೆದ ರಜೆಯಲ್ಲಿ ಈ ಕಥೆಯನ್ನು ತಂದೆಯವರಿಗೆ ಹೇಳಿದೆ. ಗುಲಾಮಗಿರಿಯ ಮಾತನ್ನು ಅವರು ಸುಮ್ಮನೆ ಕೇಳಿದರು. ಮೂರನೆಯ ಗೂಡು ಕುಸಿಯಿತು ಎಂದಾಗ ಮಾತ್ರ ಎದ್ದು ಕುಳಿತು, ಹಸಿ ಇಟ್ಟಿಗೆ ಚೆನ್ನಾಗಿ ಒಣಗಿತ್ತೋ ಇಲ್ಲವೋ, ಗೂಡು ಕಟ್ಟುವಾಗ ಬೆಂಕಿಗೆ ದಾರಿ ಬಿಟ್ಟಿದ್ದರೋ ಇಲ್ಲವೋ ಎಂದು ವಿಚಾರಿಸಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ: ಸಾವಿರ ಇಟ್ಟಿಗೆ ಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ? ಸಾವಿರಕ್ಕೆ ತಮಗೆ ಬರುವ ಕೂಲಿಯನ್ನು ಅವರು ಪೈಸೆ ಬಿಡದೆ ಹೇಳಬಲ್ಲರು. ಮಾರುವ ಬೆಲೆ ಮಾತ್ರ ಯಜಮಾನರಿಗೆ ಗೊತ್ತು ಎಂದರು. ಲಕ್ಷಗಟ್ಟಲೆ ಇಟ್ಟಿಗೆ ಕೊಯ್ದ ನಮ್ಮ ತಂದೆ ತಮ್ಮ ಆಯುಷ್ಯದಲ್ಲಿ ಒಂದು ಇಟ್ಟಿಗೆಯನ್ನೂ ಮಾರಿದವರಲ್ಲ.

ಟಸ್ಕೀಗೀಯ ಹುಡುಗರಿಗೂ ನಮ್ಮ ತಂದೆಗೂ ಇರುವ ಅಂತರ ಇದೇ ಎಂದು ಆಗ ನನಗೆ ಹೊಳೆಯಿತು. ಮಾಡುವುದನ್ನು ಮಾತ್ರ ಬಲ್ಲವನು ಕೂಲಿಯವನಾಗಿಯೇ ಉಳಿಯುತ್ತಾನೆ. ಬೆಲೆ ಕಟ್ಟಲು, ಲೆಕ್ಕ ಬರೆಯಲು, ಕೊಳ್ಳುವವನೊಡನೆ ತಲೆಯೆತ್ತಿ ಮಾತನಾಡಲು ಬಲ್ಲವನಿಗೆ ಬೇರೆ ದಾರಿಯೂ ಉಂಟು. ಇದನ್ನು ಹೈಸ್ಕೂಲಿನಲ್ಲಿಯೇ ಕಲಿಸಬೇಕು, ಏಕೆಂದರೆ ನಮ್ಮ ಊರಿನ ಬಹುಮಂದಿಯ ಓದು ಅಲ್ಲಿಗೇ ಮುಗಿಯುತ್ತದೆ.

ಮುಂದೇನು ಮಾಡುವೆ ಎಂದು ಕೇಳುವವರಿಗೆ ಈಗ ನನ್ನಲ್ಲಿ ಉತ್ತರವಿದೆ. ಬಿ.ಎಡ್. ಮುಗಿಸಿ ಹೈಸ್ಕೂಲು ಉಪಾಧ್ಯಾಯನಾಗಬೇಕೆಂದಿದ್ದೇನೆ. ಇತಿಹಾಸದ ಪಾಠ ಮಾಡುವೆನು. ವಾರಕ್ಕೊಮ್ಮೆ ಮಕ್ಕಳನ್ನು ಸಂತೆಗೆ ಕರೆದೊಯ್ದು ಬೆಲೆ ಕೇಳಿ ಬರೆದುಕೊಳ್ಳಲು ಹೇಳುವೆನು. ಮೊದಲ ದಿನ ಅವರನ್ನು ನಮ್ಮ ತಂದೆಯವರ ಇಟ್ಟಿಗೆ ಗೂಡಿಗೆ ಕರೆದುಕೊಂಡು ಹೋಗುವೆನು.