ತಂತಿಯಲ್ಲಿ ದನಿ ಹಿಡಿದ ಪೌಲ್ಸನ್

ಹೋದ ವರ್ಷ ನಾನು ಸಿರುಗುಪ್ಪದಿಂದ ಬಸ್ ಹತ್ತಿ ಕುರುಗೋಡಿಗೆ ಹೋಗಿದ್ದೆ. ದೊಡ್ಡಬಸವೇಶ್ವರನ ದರ್ಶನ ಮಾಡಿ, ಗುಡ್ಡದ ಎದುರು ನಿಂತು ಜೋರಾಗಿ ಕೂಗಿದೆ. ಬಂಡೆಗೆ ಬಡಿದು ನನ್ನ ದನಿ ವಾಪಸ್ ಬಂತು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಂಡೆ 170 ಮೀಟರ್ ದೂರ ಇದ್ದರೆ ಹೋಗಿ ಬರಲು ಒಂದು ಸೆಕೆಂಡ್ ಬೇಕು. ಆದರೆ ನಮ್ಮೂರ ನಾಟಕಕ್ಕೆ ಬಳ್ಳಾರಿಯಿಂದ ಮೈಕ್ ಸೆಟ್ ಬಂದಾಗ, ಮೈಕಿನವರು ಒಂದು ಗುಂಡಿ ತಿರುವಿದರೆ ಸಾಕು, ಗುಡ್ಡವೇ ಇಲ್ಲದೆ ರಾಜನ ಪಾತ್ರದವನ ದನಿ ಮೂರು ಸಲ ಕೇಳಿಸಿತು! ಅದು ಹೇಗೆ ಅಂತ ಹುಡುಕಿದಾಗ ನನಗೆ ಸಿಕ್ಕವರು ವಾಲ್ಡೆಮಾರ್ ಪೌಲ್ಸನ್.

ಇವರು 1869ರ ನವೆಂಬರ್ 23ರಂದು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನಲ್ಲಿ ಹುಟ್ಟಿದರು. ತಂದೆ ನ್ಯಾಯಾಧೀಶರು. ಮಗ ಮಾತ್ರ ಟೆಲಿಫೋನ್ ಕಂಪನಿಗೆ ಕೆಲಸಕ್ಕೆ ಸೇರಿದರು. ಫೋನಿನಲ್ಲಿ ಆಡಿದ ಮಾತು ಆಡಿದ ಕೂಡಲೇ ಹೋಗಿಬಿಡುತ್ತದಲ್ಲ, ಅದನ್ನು ಹಿಡಿದಿಡಬೇಕು ಅಂತ ಅವರಿಗೆ ಅನ್ನಿಸಿತು. ಉಕ್ಕಿನ ತಂತಿ ಕಟ್ಟಿ, ಅದರ ಮೇಲೆ ವಿದ್ಯುತ್ಕಾಂತವನ್ನು ಸರಿಸುತ್ತಾ ಮಾತಾಡಿದರು. ಮಾತು ವಿದ್ಯುತ್ತಾಗಿ, ವಿದ್ಯುತ್ತು ಕಾಂತಶಕ್ತಿಯಾಗಿ ತಂತಿಯಲ್ಲಿ ಕೂತಿತು. ಅದೇ ದಾರಿಯಲ್ಲಿ ಮತ್ತೆ ಕಾಂತವನ್ನು ಸರಿಸಿದರೆ ಮಾತು ಕೇಳಿಸಿತು. 1898ರಲ್ಲಿ ಪೇಟೆಂಟ್ ಮಾಡಿಸಿ ಇದಕ್ಕೆ ಟೆಲಿಗ್ರಾಫೋನ್ ಎಂದು ಹೆಸರಿಟ್ಟರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದರಲ್ಲಿ ಮಾತಾಡಿದರು. ಆ ದನಿ ಇಂದಿಗೂ ಉಳಿದಿದೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಎರಡು ಗಾಲಿಗಳ ಮೇಲೆ ಸುತ್ತುವ, ತುದಿಯೇ ಇಲ್ಲದ ಉಕ್ಕಿನ ಪಟ್ಟಿಯನ್ನೂ ಅವರು ಯೋಚಿಸಿದ್ದರು. ಒಂದು ಕಾಂತ ಬರೆಯುತ್ತದೆ, ಮುಂದಿನವು ಓದುತ್ತವೆ, ಕೊನೆಯದು ಅಳಿಸುತ್ತದೆ. ನಮ್ಮ ಹಿಟ್ಟಿನ ಗಿರಣಿಯ ಬೆಲ್ಟ್ ಇದ್ದ ಹಾಗೆ! ಮುಂದೆ ಬಂದ ಟೇಪಿನ ಎಕೋ ಮಿಷನ್ನಿನಲ್ಲಿ ಇದೇ ಯುಕ್ತಿ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡಿ, ಓದುವ ಹೆಡ್ಡು ಬರೆಯುವ ಹೆಡ್ಡಿನಿಂದ 19 ಸೆಂಟಿಮೀಟರ್ ಮುಂದಿದ್ದರೆ ದನಿ ಒಂದು ಸೆಕೆಂಡ್ ತಡವಾಗಿ ಬರುತ್ತದೆ. ಅದನ್ನೇ ಮತ್ತೆ ಬರೆಯುವ ಹೆಡ್ಡಿಗೆ ಕೊಟ್ಟರೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೆ ಸ್ವಲ್ಪ ಮಂಕಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಟೆರಿ ರೈಲಿ ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು, ತಾವು ಆಗ ತಾನೇ ನುಡಿಸಿದ್ದರ ಮೇಲೇ ಮತ್ತೆ ನುಡಿಸುತ್ತಿದ್ದರು. ಹಳೆಯದು ಮಂಕಾಗುವುದರಿಂದ ಹೊಸದಕ್ಕೆ ಜಾಗ ಸಿಗುತ್ತದೆ.

ಈಗಿನ ಡಿಜಿಟಲ್ ಮಿಷನ್ ದನಿಯನ್ನು ಅಂಕಿ ಮಾಡಿ ಇಟ್ಟುಕೊಳ್ಳುತ್ತದೆ. ಸಿ.ಡಿ.ಯಲ್ಲಾದರೆ ಸೆಕೆಂಡಿಗೆ 44,100 ಅಂಕಿ. ನೂರನೇ ಸುತ್ತಿನಲ್ಲೂ ಮೊದಲಿನ ಹಾಗೇ ಇರುತ್ತದೆ. ಆದರೆ ಮೊದಲ ಸುತ್ತಿನಲ್ಲಿ ತಾಳ ತಪ್ಪಿದರೆ ನೂರು ಸಲವೂ ತಪ್ಪೇ! ಅದಕ್ಕೆ ಹಾಡುಗಾರರು ಇದರ ಮುಂದೆ ಹುಷಾರಾಗಿ ಶುರು ಮಾಡಬೇಕು.

ಪೌಲ್ಸನ್‌ರ ಯಂತ್ರ ಅಷ್ಟಾಗಿ ಮಾರಾಟ ಆಗಲಿಲ್ಲ. ದನಿ ದೊಡ್ಡದು ಮಾಡುವ ಉಪಕರಣ ಆಗ ಇರಲಿಲ್ಲ. ಅವರು ರೇಡಿಯೋ ಅಲೆಗಳ ಕೆಲಸಕ್ಕೆ ತಿರುಗಿ ಅಲ್ಲಿಯೂ ಹೆಸರು ಮಾಡಿದರು. 1942ರಲ್ಲಿ ತೀರಿಕೊಂಡರು.

ಅವರ ತಂತಿಯನ್ನು ಅಳಿಸಿ ಮತ್ತೆ ಬಳಸಬಹುದು ಅಂತ ಓದಿದಾಗ ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು. ನಮ್ಮಜ್ಜ ತತ್ವಪದ ಹಾಡುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಉಳಿದದ್ದು ಒಂದೇ ಕ್ಯಾಸೆಟ್ಟು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಆಟಕ್ಕೆ ಕೆಂಪು ಗುಂಡಿ ಒತ್ತಿ ಬೆಕ್ಕಿನ ಹಾಗೆ ಕೂಗಿದೆ. ಅಜ್ಜನ ಹಾಡು ಅಳಿಸಿ ಹೋಯಿತು. ಅವ್ವ ಬಯ್ಯಲಿಲ್ಲ, ಸುಮ್ಮನೆ ಒಳಗೆ ಹೋದಳು. ಬಯ್ದಿದ್ದರೇ ಚೆನ್ನಾಗಿತ್ತು.

ಕ್ಯಾಸೆಟ್ಟಿನ ಕೊನೆಗೆ ಅಜ್ಜನ ದಮ್ಮಡಿಯ ನಾಲ್ಕು ಪೆಟ್ಟು ಮಾತ್ರ ಉಳಿದಿವೆ. ಮೊನ್ನೆ ಅಣ್ಣ ಅವನ್ನು ಮೊಬೈಲಿಗೆ ಹಾಕಿ, ಸುತ್ತಿ ಸುತ್ತಿ ಬರುವ ಹಾಗೆ ಮಾಡಿದ. ಅಜ್ಜ ದಮ್ಮಡಿ ಬಾರಿಸುತ್ತಲೇ ಇದ್ದ. ನಾನು ಅದರ ಮೇಲೆ ಅಜ್ಜನ ಪದ ಹಾಡಿದೆ. ಎರಡನೇ ನುಡಿ ಮರೆತಿತ್ತು, ಅವ್ವ ಅಡುಗೆಮನೆಯಿಂದಲೇ ಹೇಳಿಕೊಟ್ಟಳು.