ಗಂಧದ ಸಾಬೂನಿನ ಹಿಂದಿನ ‘ಸೋಪ್ ಶಾಸ್ತ್ರಿ’

ಬೆಂಗಳೂರು: ಲಗ್ಗೆರೆ, ಪೀಣ್ಯದ ಕಡೆಯಿಂದ ಮೆಟ್ರೊದಲ್ಲಿ ನಗರಕ್ಕೆ ಬರುವವರು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ನಿಲ್ದಾಣವನ್ನು ನಿತ್ಯವೂ ಹಾದುಹೋಗುತ್ತಾರೆ. ಆ ಸಾಬೂನನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಯವರ ನೆನಪು ಮಾತ್ರ ಮಸುಕಾಗಿದೆ. ಒಂದು ಕಾಲಕ್ಕೆ ಅವರು ‘ಸೋಪ್ ಶಾಸ್ತ್ರಿ’ ಎಂದೇ ನಾಡಿನಲ್ಲಿ ಹೆಸರಾಗಿದ್ದರು.

ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹಡಗೇರಿ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲವದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುತ್ತಲೇ ರಫ್ತಿಗೆ ಕುತ್ತು ಬಂದಿತು. ಕೊರಡುಗಳು ರಾಶಿ ಬಿದ್ದವು. ಬೊಕ್ಕಸದ ಮುಖ್ಯ ಆದಾಯವೊಂದು ಬತ್ತುವ ಭೀತಿ ಎದುರಾಯಿತು. ಎಣ್ಣೆಯನ್ನು ಇಲ್ಲಿಯೇ ಏಕೆ ತೆಗೆಯಬಾರದು? ನಾಲ್ವಡಿ ಕೃಷ್ಣರಾಜ ಒಡೆಯರ್ ಹಾಗೂ ದಿವಾನ್ ಸರ್ ಎಂ.ವಿಶ್ವೇಶ್ವರಯ್ಯನವರ ಆಡಳಿತ ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದ್ದು ಪ್ರಯೋಗಶಾಲೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆಯನ್ನು ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ತಲೆಯೆತ್ತಿತು.

ಸಾಬೂನಿನ ವಿಷಯದಲ್ಲಿಯೂ ಅದೇ ಜಾಣ್ಮೆ. ಬೃಹತ್ ಕಾರ್ಖಾನೆಗೆ ಹಣ ಸುರಿಯುವ ಮುನ್ನ ಮುಂಬಯಿಯಿಂದ ತಜ್ಞರನ್ನು ಕರೆಸಿ, ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಸಾಬೂನು ಕಾಯಿಸಿ ನೋಡಲಾಯಿತು. ಯುವ ರಸಾಯನ ತಜ್ಞ ಶಾಸ್ತ್ರಿಯವರನ್ನು ಗುರುತಿಸಿದ ವಿಶ್ವೇಶ್ವರಯ್ಯನವರು ಹೆಚ್ಚಿನ ತರಬೇತಿಗಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದರು. ಕಲಿತು ಮರಳಿದ ಶಾಸ್ತ್ರಿಯವರು ಗಂಧದ ಪರಿಮಳವನ್ನು ಹದಗೊಳಿಸಿ ಮಾದರಿ ಸಾಬೂನುಗಳನ್ನು ಸಿದ್ಧಪಡಿಸಿದರು. 1918ರಲ್ಲಿ ಇಂದಿನ ಕೆ.ಆರ್.ವೃತ್ತದ ಸಮೀಪ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸ ಆರಂಭಿಸಿತು. ಹೊಸ ಸರಕನ್ನು ಚಿಕ್ಕದಾಗಿ ಮಾಡಿ, ಪರೀಕ್ಷಿಸಿ, ಬಳಿಕ ಬೆಳೆಸಬೇಕೆಂದು ಇಂದಿನ ಸ್ಟಾರ್ಟಪ್ ತಂಡಗಳಿಗೆ ಪಾಠ ಹೇಳಲಾಗುತ್ತದೆ. ಬೆಂಗಳೂರಿಗೆ ಅದು ಹೊಸದೇನಲ್ಲ.

ಶಾಸ್ತ್ರಿಯವರು ರಸಾಯನಕ್ಕಷ್ಟೇ ನಿಲ್ಲಲಿಲ್ಲ ಎಂಬುದೇ ಅವರ ಹೆಚ್ಚುಗಾರಿಕೆ. ಸಾಬೂನಿಗೆ ಅಂಡಾಕಾರ, ಅದಕ್ಕೆ ಒಡವೆಯ ಪೆಟ್ಟಿಗೆಯಂತಹ ಹೂಚಿತ್ತಾರದ ಡಬ್ಬಿ. ಲಾಂಛನವಾಗಿ ಆನೆಯ ತಲೆ, ಸಿಂಹದ ಮೈಯುಳ್ಳ ಶರಭ. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಎಲ್ಲಿಗೆಂದು ಅವರು ಬಲ್ಲವರಾಗಿದ್ದರು. ಜಾಹೀರಾತು ಟ್ರ್ಯಾಮ್ ಟಿಕೆಟ್ ಹಾಗೂ ಬೆಂಕಿಪೆಟ್ಟಿಗೆಗಳನ್ನೂ ಏರಿತು. ದೂರದ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಸರ್ಕಾರಿ ಕಾರ್ಖಾನೆಯೊಂದು ಮಾರುಕಟ್ಟೆಗಾಗಿ ಇಷ್ಟು ಬೆವರು ಸುರಿಸಿದ್ದು ಅಪರೂಪವೇ ಸರಿ.

1957ರಲ್ಲಿ ಕಾರ್ಖಾನೆ ರಾಜಾಜಿನಗರ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. 1980ರಲ್ಲಿ ಮೈಸೂರು, ಶಿವಮೊಗ್ಗದ ಗಂಧದೆಣ್ಣೆ ಕಾರ್ಖಾನೆಗಳೂ ಅದರೊಡನೆ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು. ಸಾಬೂನಿನ ಅಂಡಾಕಾರ ಹಾಗೂ ಶರಭ ಲಾಂಛನ ಇಂದಿಗೂ ಉಳಿದಿವೆ.